ಜೂನ್ ಒಂದರ ಮಕ್ಕಳು

ನಾನು ನಿವೃತ್ತಳಾದದ್ದು ಒಂದು ಮೇ ತಿಂಗಳ ಮೂವತ್ತೊಂದಕ್ಕೆ. ಅದೇ ದಿನ ನಮ್ಮ ತಾಲ್ಲೂಕಿನಲ್ಲಿ ಇನ್ನೂ ಎಷ್ಟೋ ಜನ ನಿವೃತ್ತರಾದರು. ಮೇಷ್ಟ್ರುಗಳು, ಗುಮಾಸ್ತರು, ಪಶು ಆಸ್ಪತ್ರೆಯ ಕಾಂಪೌಂಡರ್ ಒಬ್ಬರು. ಹೂವಿನ ಅಂಗಡಿಯವನಿಗೆ ಈ ದಿನ ಚೆನ್ನಾಗಿ ಗೊತ್ತು, ಹಿಂದಿನ ಸಂಜೆಯೇ ಹಾರ ಕಟ್ಟಿಸಿ ಇಟ್ಟಿರುತ್ತಾನೆ. ಕಾರಣ ಇಷ್ಟೇ. ನಮ್ಮ ವಯಸ್ಸಿನವರಲ್ಲಿ ಬಹಳ ಮಂದಿ ದಾಖಲೆಯ ಪ್ರಕಾರ ಜೂನ್ ಒಂದರಂದು ಹುಟ್ಟಿದವರು. ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಹುಟ್ಟಿದ ದಿನ ಹೇಳುವವರು ಯಾರೂ ಇರುತ್ತಿರಲಿಲ್ಲ. ಹೆಡ್‌ಮಾಸ್ಟರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಮುಟ್ಟಿದರೆ ಸೈ ಎಂದು ಒಂದು ವರ್ಷ ಅಂದಾಜು ಮಾಡಿ, ದಿನದ ಜಾಗದಲ್ಲಿ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಸರ್ಕಾರ ನಮ್ಮನ್ನು ಸೇರಿಸಿಕೊಂಡದ್ದೂ ಮನೆಗೆ ಕಳಿಸಿದ್ದೂ ಅದೇ ಅಂದಾಜಿನ ಮೇಲೆ.

ನಾನೂ ಹಾಗೆ ಹುಟ್ಟಿದವಳೇ. ಏಳನೇ ತರಗತಿಯಲ್ಲಿ ಗಣಿತದಲ್ಲಿ ನಪಾಸಾಗಿ, ಮನೆಯಲ್ಲೆಲ್ಲ ದಡ್ಡಿ ಅನ್ನಿಸಿಕೊಂಡು, ಹೇಗೋ ತಿಣುಕಿ ಪಿಯುಸಿ ಮುಗಿಸಿ ಶಿಕ್ಷಣ ಇಲಾಖೆಯಲ್ಲಿ ಗುಮಾಸ್ತಳಾದೆ. ಈಗ ನನ್ನ ತಂಗಿಯ ಮಗಳು ಕಾವ್ಯ ಅದೇ ಇಲಾಖೆಗೆ ಸೇರಿದ್ದಾಳೆ. "ದೊಡ್ಡಮ್ಮ, ಈ ಕೆಲಸ ಹೆಂಗಿರ್ತದೆ ಅಂತ ಬರ್ದು ಕೊಡು. ಟ್ರೈನಿಂಗ್‌ನಾಗೆ ಬರೀ ನಿಯಮ ಹೇಳಿದ್ರು" ಎಂದಳು. ಅವಳಿಗಾಗಿ ಇದು. ಬಡ್ತಿ ಸಿಕ್ಕ ಕಥೆ, ಸನ್ಮಾನದ ಕಥೆ ಇದರಲ್ಲಿ ಇಲ್ಲ. ಅವು ಎಲ್ಲರದೂ ಒಂದೇ ತರಹ ಇರುತ್ತವೆ.

ಚನ್ನಗಿರಿ, ಜಗಳೂರು, ಹೊನ್ನಾಳಿ, ಈ ಮೂರು ಊರುಗಳಲ್ಲಿ ನನ್ನ ನೌಕರಿ ಕಳೆಯಿತು. ನ್ಯಾಮತಿ ತಾಲ್ಲೂಕಾದ ಮೇಲೆ ಅಲ್ಲಿಯ ಕಾಗದಗಳೂ ನನ್ನ ಮೇಜಿಗೆ ಬಂದವು. ಈಗ ನಾನಿರುವುದೂ ನ್ಯಾಮತಿಯಲ್ಲೇ. ಮುಂದೆ ಹೇಳುವುದು ಯಾವ ಕಚೇರಿಯಲ್ಲಿ ನಡೆಯಿತು ಎಂದು ಮಾತ್ರ ಬರೆಯುವುದಿಲ್ಲ. ಅಲ್ಲಿದ್ದವರು ಇನ್ನೂ ನೌಕರಿಯಲ್ಲಿದ್ದಾರೆ, ನೆಮ್ಮದಿಯಾಗಿರಲಿ.

ನನ್ನ ಪಾಲಿನ ಕೆಲಸ ಟಿ.ಸಿ.ಗೆ ಮೇಲು ರುಜು ಮಾಡಿಸುವುದು. ಟಿ.ಸಿ. ಅಂದರೆ ಶಾಲೆ ಬಿಟ್ಟ ಮಗುವಿಗೆ ಕೊಡುವ ವರ್ಗಾವಣೆ ಪತ್ರ. ಬೇರೆ ದೇಶಕ್ಕೆ ಹೋಗುವ ಮಗುವಿನ ಟಿ.ಸಿ.ಗೆ ಹೆಡ್‌ಮಾಸ್ಟರ ಸಹಿ ಸಾಲದು, ನಮ್ಮ ಸಾಹೇಬರು, ಅಂದರೆ ತಾಲ್ಲೂಕಿನ ಶಿಕ್ಷಣಾಧಿಕಾರಿ, ಅದರ ಮೇಲೆ ಹಸಿರು ಶಾಯಿಯಲ್ಲಿ ರುಜು ಹಾಕಬೇಕು. ಅಲ್ಲಿಂದ ಅದು ಬೆಂಗಳೂರು, ಡೆಲ್ಲಿ ಎಂದು ಸೀಲಿನ ಮೇಲೆ ಸೀಲು ಹಾಕಿಸಿಕೊಂಡು ವಿಮಾನ ಹತ್ತುತ್ತಿತ್ತು. ಪುಟ್ಟ ತಾಲ್ಲೂಕಿನಿಂದ ಯಾರು ಹೋಗುತ್ತಾರೆ ಎಂದು ನೀನು ಕೇಳಬಹುದು. ನರ್ಸುಗಳು, ಕ್ರೇನ್ ಓಡಿಸುವವರು, ಎಲೆಕ್ಟ್ರಿಷಿಯನ್ನರು, ಅಡುಗೆ ಮಾಡುವವರು. ಮೊದಲು ತಾವು ಹೋಗುತ್ತಾರೆ, ಆಮೇಲೆ ಮಕ್ಕಳನ್ನು ಕರೆಸಿಕೊಳ್ಳುತ್ತಾರೆ.

ನನ್ನ ಮೊದಲ ಸೂಪರಿಂಟೆಂಡೆಂಟ್ ರುದ್ರಪ್ಪನವರು ಒಂದು ಪಾಠ ಹೇಳಿದ್ದರು. "ಟಿ.ಸಿ.ನ ಕೆಳಗಿಂದ ಮ್ಯಾಲಕ್ಕೆ ಓದಬೇಕಮ್ಮ. ಮ್ಯಾಲಿಂದ ಓದಿದ್ರೆ ಹೆಸರು ನೋಡಿ ಸುಮ್ನಾಗ್ತೀಯ." ನಾನು ಅದನ್ನು ಕೇಳಿಸಿಕೊಂಡೆ, ಪಾಲಿಸಲಿಲ್ಲ. ಹೊಸದರಲ್ಲಿ ಕತ್ತಲಗೆರೆ ಕಡೆಯ ಒಬ್ಬರ ಟಿ.ಸಿ.ಗೆ ದುಂಡು ಮೊಹರನ್ನು ತಲೆಕೆಳಗಾಗಿ ಒತ್ತಿ ಕಳಿಸಿದೆ. ಆ ಕಾಗದ ಕತಾರ್‌ವರೆಗೆ ಹೋಗಿ, ಇದು ಅಸಲಿಯೇ ಎಂಬ ಪ್ರಶ್ನೆ ಹೊತ್ತು ವಾಪಸು ಬಂತು. ಮಗುವಿನ ಅಪ್ಪ ಬೈಯಲಿಲ್ಲ. "ಅಷ್ಟು ದೂರ ಹೋಗಿ ಬಂದೈತೆ ನೋಡ್ರಿ ನಿಮ್ಮ ಸೀಲು, ನೀವು ಮಾತ್ರ ಇಲ್ಲೇ ಅದೀರಿ" ಎಂದು ನಕ್ಕರು. ಅವತ್ತು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಇನ್ನೊಂದು ವಿಷಯ ನಿನಗೆ ಯಾವ ಸುತ್ತೋಲೆಯಲ್ಲೂ ಸಿಗುವುದಿಲ್ಲ. ಟಿ.ಸಿ. ಮಾಡಿಸಲು ಬಂದವರೆಲ್ಲ ನಮ್ಮನ್ನೇ ಕೇಳುತ್ತಾರೆ, ಅಲ್ಲಿ ಯಾವ ಶಾಲೆಗೆ ಹಾಕಬೇಕು ಎಂದು. ದಾವಣಗೆರೆ ದಾಟಿ ಹೆಚ್ಚು ಹೋಗದ ನನ್ನನ್ನು! ಮೊಬೈಲಿನಲ್ಲಿ ಶಾಲೆಗಳ ಫೋಟೋ ತೋರಿಸುತ್ತಿದ್ದರು. ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಈಜುಕೊಳ, ಇನ್ನೊಂದರಲ್ಲಿ ಕುದುರೆ. ನಾನು ಕಂಡ ಈಜುಕೊಳವೆಂದರೆ ಭದ್ರಾ ಚಾನೆಲ್ಲು. ಮೊದಮೊದಲು ನನಗೆ ಗೊತ್ತಿಲ್ಲ ಎನ್ನುತ್ತಿದ್ದೆ. ಆಮೇಲೆ ನಾನೂ ಎಲ್ಲ ಬಲ್ಲವಳಂತೆ ಒಂದು ಉತ್ತರ ರೂಢಿ ಮಾಡಿಕೊಂಡೆ. "ವಾಪಸ್ ಬರೋದಿದ್ರೆ ನಮ್ಮ ಸಿಲಬಸ್ ಇರೋ ಇಂಡಿಯನ್ ಶಾಲೆಗೆ ಹಾಕ್ರಿ. ಅಲ್ಲೇ ಇರೋದಿದ್ರೆ ಇಂಟರ್‌ನ್ಯಾಷನಲ್‌ಗೆ ಹಾಕ್ರಿ." ಜನ ತಲೆಯಾಡಿಸಿ ಹೋಗುತ್ತಿದ್ದರು. ಉತ್ತರ ಚಿಕ್ಕದಾಗಿದ್ದರೆ ಅದನ್ನು ಯಾರೂ ಅನುಮಾನಿಸುವುದಿಲ್ಲ.

ಆ ಉತ್ತರ ಸ್ವಲ್ಪ ಅಲುಗಾಡಿದ್ದು ಚನ್ನಗಿರಿ ಕಡೆಯ ಹುಡುಗನೊಬ್ಬ ವಾಪಸು ಬಂದಾಗ. ಕುವೈತ್‌ನ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಓದಿದ್ದವನು. ಇಲ್ಲಿ ಸೇರಿಸಲು ಅವನ ಅಪ್ಪ ತಂದ ಕಾಗದದಲ್ಲಿ ಅಂಕಗಳೇ ಇರಲಿಲ್ಲ. ಎರಡು ಪುಟ ತುಂಬ ಆ ಹುಡುಗನ ಬಗ್ಗೆ ಬರೆದಿದ್ದರು. ಲೆಕ್ಕ ಶುರು ಮಾಡುವ ಮೊದಲು ಎರಡು ಸಲ ಕೇಳುತ್ತಾನೆ, ಗುಂಪಿನಲ್ಲಿ ಮಾತು ಕಡಿಮೆ, ಇಬ್ಬರೇ ಇದ್ದರೆ ಚೆನ್ನಾಗಿ ವಿವರಿಸುತ್ತಾನೆ, ಹೀಗೆ. ನಮ್ಮ ಟಿ.ಸಿ.ಯಲ್ಲಿ ನಡತೆ ಎಂಬ ಕಾಲಂಗೆ ಒಂದೇ ಪದ, 'ಉತ್ತಮ'. ತಾಲ್ಲೂಕಿನ ಎಲ್ಲ ಮಕ್ಕಳಿಗೂ ಅದೇ ಪದ. ಆ ಎರಡು ಪುಟಗಳನ್ನು ಕಡತಕ್ಕೆ ಸೇರಿಸುವ ಮುಂಚೆ ನಾನು ಮತ್ತೊಮ್ಮೆ ಓದಿದೆ. ಅಷ್ಟು ಬಿಟ್ಟರೆ ಏನೂ ಮಾಡಲಿಲ್ಲ.

ಇನ್ನು ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಅದು ನನ್ನದೇ ತಪ್ಪು.

ಮಕ್ಕಳ ವಿವರಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಬಂದ ಕಾಲ. ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಇರಲಿಲ್ಲ, ಹೆಡ್‌ಮಾಸ್ಟರುಗಳು ಹಾಳೆಯಲ್ಲಿ ಬರೆದು ತಂದುಕೊಡುತ್ತಿದ್ದರು, ನಾವು ಕಚೇರಿಯಲ್ಲಿ ಕೂತು ಒತ್ತುತ್ತಿದ್ದೆವು. ಒಂದು ಹಾಳೆಯಲ್ಲಿ ಅಕ್ಕತಂಗಿಯರ ಹೆಸರು ಬಂತು, ಸ್ಫೂರ್ತಿ ಮತ್ತು ಕೀರ್ತಿ. ಇಬ್ಬರೂ ಒಂದನೇ ತರಗತಿ, ಇಬ್ಬರೂ ಒಂದೇ ವರ್ಷದ ಜೂನ್ ಒಂದು. ಅವಳಿ ಮಕ್ಕಳು ಇರಬೇಕೆಂದು ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ.

"ಅವಳಿ ಅಲ್ಲ ಮೇಡಂ. ಅಪ್ಪ ಅಮ್ಮ ಮಸ್ಕತ್‌ನಾಗೆ ಅದಾರೆ. ಅವರಜ್ಜ ಇಬ್ಬರನ್ನೂ ಒಟ್ಟಿಗೇ ಕರ್ಕಂಬಂದ. ಸಣ್ಣೋಳನ್ನ ಅಂಗನವಾಡಿಗೆ ಬಿಟ್ರೆ ಅಳ್ತಾಳೆ, ಅಕ್ಕನ ಲಂಗ ಬಿಡಂಗಿಲ್ಲ. ಹೋಗ್ಲಿ ಅಂತ ಇಬ್ಬರನ್ನೂ ಬರ್ಕಂಡೆ."

"ಹುಟ್ಟಿದ ದಿನ ಒಂದೇ ಇದ್ರೆ ಹೆಂಗ್ರೀ?"

"ಸಣ್ಣೋಳದ್ದು ಒಂದಿಷ್ಟು ಮುಂದಕ್ಕೆ ಹಾಕ್ರಿ ಮೇಡಂ. ನಿಮಗೆ ಗೊತ್ತಾಗಂಗಿಲ್ಲೇನು?"

ನಾನು ಮುಂದಿನ ವರ್ಷದ ಜನವರಿ ಎಂದು ಒತ್ತಿದೆ. ವಯಸ್ಸು ಸಾಲದು ಎಂದು ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಡಿಸೆಂಬರ್ ಎಂದೆ, ಕೆಂಪು. ನವೆಂಬರ್, ಕೆಂಪು. ಅಕ್ಟೋಬರ್ ಒಂದು ಎಂದಾಗ ಕಂಪ್ಯೂಟರ್ ಒಪ್ಪಿಕೊಂಡಿತು. ನಾನು ಸಮಾಧಾನದಿಂದ ಮುಂದಿನ ಹೆಸರಿಗೆ ಹೋದೆ. ನಾಲ್ಕು ತಿಂಗಳ ಅಂತರದಲ್ಲಿ ಇಬ್ಬರು ಮಕ್ಕಳನ್ನು ಹೆತ್ತ ತಾಯಿಯೊಬ್ಬಳನ್ನು ಸೃಷ್ಟಿ ಮಾಡಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ. ಮಗು ಸಣ್ಣದು ಎಂದು ಕಂಪ್ಯೂಟರ್ ಮೂರು ಸಲ ಹೇಳಿದ್ದೂ ತಲೆಗೆ ಹೋಗಲಿಲ್ಲ.

ಆ ಮಕ್ಕಳು ನಾಲ್ಕನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವರ ತಾಯಿ ಸುಮಿತ್ರಾ ನನ್ನ ಮೇಜಿನ ಮುಂದೆ ಬಂದು ಕುಳಿತಳು. ಅವಳ ತವರು ಸೊಕ್ಕೆ. ಓದಿ ನರ್ಸಾಗಿ, ಮಸ್ಕತ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ಅಲ್ಲಿಯೇ ಕ್ರೇನ್ ಆಪರೇಟರ್. ಮಕ್ಕಳನ್ನು ಕರೆಸಿಕೊಳ್ಳಲು ಆಗಷ್ಟೇ ಅನುಮತಿ ಸಿಕ್ಕಿತ್ತು. ರಜೆ ಇದ್ದದ್ದು ಇಪ್ಪತ್ತು ದಿನ. ಜೊತೆಗೆ ಅವಳ ಮಾವ, ಅಂದರೆ ಮಕ್ಕಳ ಅಜ್ಜ ಹನುಮಂತಪ್ಪ, ಎರಡು ಜಡೆಯ ಇಬ್ಬರು ಹುಡುಗಿಯರು. ಚಿಕ್ಕವಳು ಅಕ್ಕನ ಹಿಂದೆ ನಿಂತಿದ್ದಳು.

ಸುಮಿತ್ರಾ ಎರಡು ಶಾಲೆಗಳ ಕಾಗದಗಳನ್ನು ಮೇಜಿನ ಮೇಲೆ ಹರಡಿದಳು. ಒಂದು ನಮ್ಮ ಸಿಲಬಸ್‌ನ ಶಾಲೆ. ಅವರು ಟಿ.ಸಿ. ನೋಡಿ ಇಬ್ಬರನ್ನೂ ಐದನೇ ತರಗತಿಗೆ ಸೇರಿಸಿಕೊಳ್ಳಲು ಸಿದ್ಧ. ಚಿಕ್ಕವಳ ಪಾಸ್‌ಪೋರ್ಟಿನ ದಿನಾಂಕ ಬೇರೆ ಇದೆ ಅಂದದ್ದಕ್ಕೆ, ಎರಡು ಕಾಗದವೂ ಒಬ್ಬಳೇ ಹುಡುಗಿಯದು ಎಂದು ಅಫಿಡವಿಟ್ ತನ್ನಿ ಸಾಕು ಎಂದಿದ್ದರು. ಇನ್ನೊಂದು ಇಂಟರ್‌ನ್ಯಾಷನಲ್ ಶಾಲೆ. ಆಸ್ಪತ್ರೆಯ ಕ್ವಾರ್ಟರ್ಸ್‌ಗೆ ಹತ್ತಿರ, ಸಿಬ್ಬಂದಿಯ ಮಕ್ಕಳಿಗೆ ಒಂದಿಷ್ಟು ಸೀಟು. ಅವರು ತರಗತಿ ನೋಡುವುದಿಲ್ಲ, ವಯಸ್ಸು ನೋಡುತ್ತಾರೆ. ದೊಡ್ಡವಳನ್ನು ಐದಕ್ಕೆ, ಚಿಕ್ಕವಳನ್ನು ಮೂರಕ್ಕೆ ಹಾಕುತ್ತೇವೆ ಎಂದಿದ್ದರು. ಜೊತೆಗೆ ಒಂದು ಪತ್ರ ಬರೆದಿದ್ದರು. ಶಾಲೆಯ ದಾಖಲೆಯಲ್ಲಿ ಅಕ್ಕತಂಗಿಯರ ನಡುವೆ ನಾಲ್ಕೇ ತಿಂಗಳ ಅಂತರ ಇರಲು ಕಾರಣವೇನು, ಸಂಬಂಧಪಟ್ಟ ಅಧಿಕಾರಿಗಳು ದಯವಿಟ್ಟು ತಿಳಿಸಬೇಕು.

ನಾನು ಪಾಸ್‌ಪೋರ್ಟುಗಳನ್ನು ತೆರೆದು ನೋಡಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳು, ಜನನ ಪತ್ರ ಸರಿಯಾಗಿಯೇ ಇತ್ತು. ಇಬ್ಬರ ನಡುವೆ ಎರಡು ವರ್ಷಕ್ಕೆ ಎರಡು ತಿಂಗಳು ಕಡಿಮೆ. ಟಿ.ಸಿ.ಯಲ್ಲಿ ಅಕ್ಟೋಬರ್ ಒಂದು ಎಂದು ಕಂಡಾಗ ಅದು ಯಾರ ಕೈಕೆಲಸ ಎಂದು ನನಗೆ ತಕ್ಷಣ ನೆನಪಾಯಿತು. ಆದರೂ ಬಾಯಿಂದ ಬಂದದ್ದು ರೂಢಿಯ ಉತ್ತರವೇ. "ಇಂಡಿಯನ್ ಶಾಲೆಗೇ ಹಾಕ್ರಿ. ಅಫಿಡವಿಟ್ ಮಾಡಿಸಿದ್ರೆ ಮುಗೀತು. ದಾಖಲೆ ತಿದ್ದಬೇಕಂದ್ರೆ ಕೋರ್ಟಿಗೆ ಹೋಗಬೇಕಾಗ್ತದೆ." ಅವಳಿಗೂ ಅದೇ ಸುಲಭ, ನನಗೂ ಅದೇ ಸುಲಭ.

"ನನಗೂ ಅದೇ ಸರಿ ಅನ್ನಿಸ್ತದೆ ಮೇಡಂ" ಎಂದಳು ಸುಮಿತ್ರಾ. "ಎರಡು ವರ್ಷ ಮುಂದೆ ಅದಾಳೆ ನನ್ನ ಮಗಳು. ಅವಳನ್ನ ಹಿಂದಕ್ಕೆ ಹಾಕಾಕೆ ಅಷ್ಟು ದೂರ ಕರ್ಕೊಂಡು ಹೋಗ್ಬೇಕೇನ್ರೀ? ಆದ್ರೆ ಓದೋದ್ರಾಗೆ ಸ್ವಲ್ಪ ಮಂದ. ದೊಡ್ಡೋಳು ಚುರುಕು."

ಹನುಮಂತಪ್ಪ ಚಿಕ್ಕವಳ ತಲೆ ಸವರಿದರು. "ದಡ್ಡಿ ಐತೆ ಮೇಡಮ್ಮಾರೆ. ಆದ್ರೆ ಗುಣ ಒಳ್ಳೇದು."

ಕೀರ್ತಿ ತಲೆ ಎತ್ತಲಿಲ್ಲ. ಆ ಮಾತನ್ನು ಅವಳು ಬಹಳ ಸಲ ಕೇಳಿದ್ದಳು ಅನ್ನುವುದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಶಾಲೆ ತೆರೆಯುವ ಮುಂಚೆ ಹಂಚಲೆಂದು ಹೊಸ ಪಠ್ಯಪುಸ್ತಕಗಳ ಕಟ್ಟುಗಳು ನಮ್ಮ ಕಚೇರಿಯ ಗೋಡೆಗೆ ಒರಗಿಕೊಂಡಿದ್ದವು. ನಾಲ್ಕನೇ ತರಗತಿಯ ಕನ್ನಡ ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ನನ್ನದೇ ಅಕ್ಟೋಬರ್ ಒಂದು ನನ್ನನ್ನು ಚುಚ್ಚುತ್ತಿದ್ದಿರಬೇಕು. ಅವಳು ಒಂದು ಸಾಲು ಓದಲು ಹೋಗಿ ಒತ್ತಕ್ಷರದಲ್ಲಿ ಸಿಕ್ಕಿಬಿದ್ದಳು. ಅಕ್ಕ ಪಿಸುಗುಟ್ಟಿ ಹೇಳಿಕೊಟ್ಟಳು. ಇನ್ನೊಂದು ಸಾಲು, ಮತ್ತೆ ಅಕ್ಕ. ಬೆವರಿದಳು. ನಾನು ಆ ಪುಸ್ತಕ ವಾಪಸು ತೆಗೆದುಕೊಂಡು ಬೇರೆ ಕಟ್ಟಿನಿಂದ ಎರಡನೇ ತರಗತಿಯದು ಎಳೆದು ಕೊಟ್ಟೆ. ಕೀರ್ತಿ ಒಂದು ಪುಟ ಓದಿದಳು, ತಾನಾಗಿಯೇ ಹಾಳೆ ತಿರುಗಿಸಿ ಇನ್ನೊಂದು ಪುಟ ಓದಿದಳು, ಮೂರನೆಯ ಪುಟದ ಚಿತ್ರ ನೋಡಿ ನಕ್ಕಳು. ಅಕ್ಕನಿಗೆ ಹೇಳಿಕೊಡಲು ಏನೂ ಇರಲಿಲ್ಲ.

ಕಚೇರಿಯಲ್ಲಿ ಯಾರೂ ಇದನ್ನು ಗಮನಿಸಲಿಲ್ಲ. ನಾನು ಅವಳ ಪಾಸ್‌ಪೋರ್ಟನ್ನು ಮತ್ತೊಮ್ಮೆ ತೆರೆದು ನೋಡಿದೆ. ಆ ಮಗುವಿಗೆ ಓದು ಬರುತ್ತಿರಲಿಲ್ಲ ಎಂದಲ್ಲ. ಎಂಟು ವರ್ಷದ ಮಗು ಎಂಟು ವರ್ಷಕ್ಕೆ ಎಷ್ಟು ಓದಬೇಕೋ ಅಷ್ಟನ್ನು ಚೆನ್ನಾಗಿಯೇ ಓದುತ್ತಿತ್ತು.

"ಸುಮಿತ್ರಾ, ಅವಳು ಎರಡು ವರ್ಷ ಮುಂದೆ ಇಲ್ಲ" ಎಂದೆ. "ಅವಳನ್ನ ನಾವು ಮುಂದಕ್ಕೆ ತಳ್ಳೀವಿ. ಈ ಅಕ್ಟೋಬರ್ ಒಂದು ಹಾಕಿದ್ದು ನಾನೇ. ಅಂದಾಜಿನ ಮ್ಯಾಲೆ ಹಾಕಿದೆ."

ಅವಳು ನನ್ನನ್ನೇ ನೋಡಿದಳು. ಸಿಟ್ಟು ಬಂದಿತ್ತು, ಅದು ನ್ಯಾಯವಾಗಿಯೇ ಇತ್ತು. "ನಾಲ್ಕು ವರ್ಷ ಫೋನ್‌ನಾಗೆ ಬೈದೀನ್ರೀ ಇದಕ್ಕೆ. ಅಕ್ಕನ್ನ ನೋಡಿ ಕಲಿ, ಅಕ್ಕನ್ನ ನೋಡಿ ಕಲಿ ಅಂತ" ಎಂದಳು. ಹನುಮಂತಪ್ಪ, "ನಾನೇ ಕಣಮ್ಮ ಕರ್ಕಂಡು ಹೋಗಿದ್ದು. ಅವರಿಗೆ ಯಾಕೆ ಅಂತೀಯ" ಎಂದರು. ಕೀರ್ತಿ ಎರಡನೇ ತರಗತಿಯ ಪುಸ್ತಕ ಓದುತ್ತಲೇ ಇದ್ದಳು.

ಅವತ್ತೇ ಟಿಪ್ಪಣಿ ಬರೆದು ಸಾಹೇಬರ ಮುಂದಿಟ್ಟೆ. 'ಸದರಿ ವಿದ್ಯಾರ್ಥಿನಿಯ ಜನ್ಮದಿನಾಂಕವನ್ನು ಯಾವುದೇ ದಾಖಲೆ ಪರಿಶೀಲಿಸದೆ ನಾನೇ ನಮೂದಿಸಿರುತ್ತೇನೆ. ಜನನ ಪತ್ರದಲ್ಲಿನ ದಿನಾಂಕವೇ ಸರಿಯಾದುದು.' ಅದನ್ನೇ ಆ ಶಾಲೆಗೆ ಪತ್ರವಾಗಿ ಕಳಿಸಲು ಅನುಮತಿ ಕೇಳಿದ್ದೆ. ಸಾಹೇಬರು ಒಳ್ಳೆಯವರು, ಆದರೆ ಕಾಗದ ಕಂಡರೆ ಹೆದರುವವರು. ಎರಡು ಸಲ ಓದಿ ಕನ್ನಡಕ ತೆಗೆದರು.

"ಏನ್ ಬರ್ದೀರಿ ಮೇಡಂ ಇದು? ತಪ್ಪು ಮಾಡೀವಿ ಅಂತ ನಾವೇ ಬರ್ದು ಬೇರೆ ದೇಶಕ್ಕೆ ಕಳಿಸೋದಾ? ನಾಳೆ ಆಡಿಟ್‌ನೋರು ಬಂದು ತಾಲ್ಲೂಕಿನಾಗಿರೋ ಜೂನ್ ಒಂದನ್ನೆಲ್ಲಾ ತೆಗೀರಿ ಅಂದ್ರೆ ಏನ್ ಮಾಡ್ತೀರಿ? ನಂದೂ ಜೂನ್ ಒಂದೇ ಕಣ್ರೀ!"

"ನಂದೂ ಅದೇ ಸಾರ್" ಎಂದೆ.

"ಅದ್ಕೇ ಹೇಳೋದು, ಅಫಿಡವಿಟ್ ಕೊಟ್ಟು ಕಳಿಸಿಬಿಡ್ರಿ."

ಕಡತ ನಾಲ್ಕು ದಿನ ಅವರ ಮೇಜಿನ ಮೇಲೆ ಇತ್ತು. ನಾನು ದಿನಾ ಬೆಳಿಗ್ಗೆ ಅದನ್ನು ಮೇಲಕ್ಕೆ ಎತ್ತಿಡುತ್ತಿದ್ದೆ, ಸಂಜೆಗೆ ಅದು ಕೆಳಗೆ ಹೋಗಿರುತ್ತಿತ್ತು. ಸುಮಿತ್ರಾಳ ರಜೆ ಕರಗುತ್ತಿತ್ತು. ಐದನೆಯ ದಿನ ಅವಳು ಮಗಳನ್ನು ಕರೆದುಕೊಂಡು ಬಂದಾಗ, ಕೀರ್ತಿಯ ಕೈಗೆ ಎರಡನೇ ತರಗತಿಯ ಪುಸ್ತಕ ಕೊಟ್ಟು ಸಾಹೇಬರ ಕೋಣೆಗೆ ಕಳಿಸಿದೆ. ಅವರೂ ಒಂದು ಕಾಲದಲ್ಲಿ ಮೇಷ್ಟ್ರಾಗಿದ್ದವರು. ಒಳಗಿನಿಂದ ಓದುವ ದನಿ ಕೇಳಿತು. ಆಮೇಲೆ ಬೆಲ್ ಒತ್ತಿ ನನ್ನನ್ನು ಕರೆದು, ಪತ್ರದ ಇಂಗ್ಲಿಷನ್ನು ತಾವೇ ತಿದ್ದಿ, ಹಸಿರು ಶಾಯಿಯಲ್ಲಿ ರುಜು ಹಾಕಿದರು. ಸಂಜೆ ಅದೇ ಪೆನ್ನಿನಿಂದ ನನಗೊಂದು ಕಾರಣ ಕೇಳುವ ನೋಟಿಸಿಗೂ ರುಜು ಹಾಕಿದರು. ನನ್ನ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ ಇದೆ, ಅದು ಇದಕ್ಕೇ. ಅವರ ಮೇಲೆ ನನಗೆ ಬೇಸರವಿಲ್ಲ. ಎರಡೂ ರುಜು ಅವರು ಹಾಕಬೇಕಾದವೇ.

ಸುಮಿತ್ರಾಳಿಗೆ ಒಂದೇ ಲಕೋಟೆಯಲ್ಲಿ ಎರಡನ್ನೂ ಕೊಟ್ಟೆ. ಒಂದು ಕಡೆ ಟಿ.ಸಿ. ಮತ್ತು ಅಫಿಡವಿಟ್, ಇನ್ನೊಂದು ಕಡೆ ಆ ಪತ್ರ. ಯಾವ ಶಾಲೆ ಎಂದು ಈ ಸಲ ನಾನು ಹೇಳಲಿಲ್ಲ. ಅವಳೂ ಹೇಳಲಿಲ್ಲ. "ಇಬ್ಬರನ್ನ ಬೇರೆ ಬೇರೆ ಕ್ಲಾಸಿಗೆ ಹಾಕಿದ್ರೆ ಸಣ್ಣೋಳು ಅಳ್ತಾಳೆ" ಎಂದಷ್ಟೇ ಅಂದು ಬಸ್ಸಿಗೆ ಹೋದಳು. ಆಮೇಲೆ ಒಂದು ಫೋನೂ ಇಲ್ಲ. ನಾನು ಹೊನ್ನಾಳಿಗೆ ವರ್ಗವಾದೆ. ಬೇರೆ ಕಡತಗಳು ಬಂದವು. ಆದರೆ ಅಂದಿನಿಂದ ನಾನು ಟಿ.ಸಿ.ಯನ್ನು ಕೆಳಗಿಂದ ಮೇಲಕ್ಕೆ ಓದತೊಡಗಿದೆ. ಶಾಲೆ ಯಾವುದು ಎಂದು ಕೇಳಿದವರಿಗೆ, ನಿಮ್ಮ ಮಗುವಿನ ಬಗ್ಗೆ ಒಂದು ಪ್ರಶ್ನೆ ಕೇಳಿದ ಶಾಲೆ ಯಾವುದು ಎಂದು ತಿರುಗಿ ಕೇಳುತ್ತಿದ್ದೆ. ಕೆಲವರಿಗೆ ಅರ್ಥವಾಗುತ್ತಿತ್ತು, ಕೆಲವರು ಕುದುರೆ ಇರುವ ಶಾಲೆಗೇ ಹೋದರು.

ನಿವೃತ್ತಿಯಾದ ಮರುವರ್ಷ, ಜೂನ್ ಒಂದರ ಬೆಳಿಗ್ಗೆ. ಮೊಬೈಲಿನಲ್ಲಿ ಶುಭಾಶಯಗಳ ಮೇಲೆ ಶುಭಾಶಯ. ನಾನು ಅರ್ಧ ಜನರಿಗೆ, ನಿಮಗೂ ಶುಭಾಶಯ ಎಂದು ಉತ್ತರ ಕೊಡುತ್ತಿದ್ದೆ. ನ್ಯಾಮತಿಯ ನಮ್ಮ ಮನೆಯ ಮುಂದೆ ಆಟೋ ನಿಂತಿತು. ಸುಮಿತ್ರಾ, ಇಬ್ಬರು ಹುಡುಗಿಯರು. ರಜೆಗೆ ಬಂದವರು ಹೊನ್ನಾಳಿ ಕಚೇರಿಯಲ್ಲಿ ವಿಳಾಸ ಕೇಳಿಕೊಂಡು ಬಂದಿದ್ದರು. ಸ್ಫೂರ್ತಿ ಎತ್ತರವಾಗಿದ್ದಳು, ಬಂದವಳೇ ಈಜುಕೊಳದ ವಿಷಯ ಶುರು ಮಾಡಿದಳು. ಆಗ ನನಗೆ ಯಾವ ಶಾಲೆ ಎಂದು ಗೊತ್ತಾಯಿತು.

"ಮೊದಲ ತಿಂಗಳು ದಿನಾ ಅತ್ತಳು ಮೇಡಂ" ಎಂದಳು ಸುಮಿತ್ರಾ. "ನಾನೂ ಅತ್ತೆ. ಎರಡು ಸಲ ಹೆಸರು ತೆಗೆಸಾಕೆ ಹೋಗಿದ್ದೆ. ಆ ಟೀಚರ್ರು ಇನ್ನೊಂದು ವಾರ ನೋಡ್ರಿ, ಇನ್ನೊಂದು ವಾರ ನೋಡ್ರಿ ಅಂದ್ರು."

ಕೀರ್ತಿ ಈಗ ಅಕ್ಕನ ಹಿಂದೆ ನಿಂತಿರಲಿಲ್ಲ. ನನ್ನ ಪಕ್ಕದಲ್ಲೇ ಕುಳಿತು ಬ್ಯಾಗಿನಿಂದ ಒಂದು ಹಾಳೆ ತೆಗೆದು ಕೊಟ್ಟಳು. ಅದರಲ್ಲೂ ಅಂಕಗಳಿರಲಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾನು ಕೆಳಗಿನಿಂದ ಓದಲು ಶುರು ಮಾಡುವಷ್ಟರಲ್ಲಿ ಅವಳೇ ಸಾರಾಂಶ ಹೇಳಿದಳು.

"ನಾನು ದಡ್ಡಿ ಅಲ್ಲಂತೆ ಮೇಡಂ. ಸಣ್ಣೋಳಂತೆ."

ಮತ್ತೆ ನನ್ನ ಫೋನ್ ಸದ್ದು ಮಾಡಿತು. ಅವಳು ಬಗ್ಗಿ ಪರದೆ ನೋಡಿದಳು. "ಇವತ್ತು ನಿಮ್ಮ ಬರ್ತ್‌ಡೇನಾ?"

"ಇಲ್ಲ ಕಣವ್ವ. ಮೇಷ್ಟ್ರು ಬರ್ದಿದ್ದು."

"ಹಂಗಾದ್ರೆ ನಿಜವಾದ್ದು ಯಾವಾಗ?"

"ಗೊತ್ತಿಲ್ಲ. ನಮ್ಮಣ್ಣ ಶಾಲೆಗೆ ಹೊಂಟ, ಅಳ್ತಾ ನಾನೂ ಹಿಂದೆ ಹೋದೆ. ಇಬ್ಬರನ್ನೂ ಒಂದೇ ದಿನ ಬರ್ಕಂಡ್ರು."

ಕೀರ್ತಿ ತನ್ನ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಡುತ್ತಾ ಹೇಳಿದಳು, "ಹಂಗಾದ್ರೆ ನೀವೂ ಸಣ್ಣೋರೇ ಇದ್ರಿ."

ಮಂಡಕ್ಕಿ ಹಚ್ಚಿಕೊಂಡು ಬರುತ್ತೇನೆ ಎಂದು ನಾನು ಒಳಗೆ ಹೋದೆ. ಈರುಳ್ಳಿ ಹೆಚ್ಚುವ ಮೊದಲೇ ಕಣ್ಣಲ್ಲಿ ನೀರು ಬಂದಿತ್ತು.